ತೊಗರಿ ಮಾರಿ, ಮಾರಿ ಕಾಸಿಕೊಂಡೆವು

ಮೇ ತಿಂಗಳ ಮಧ್ಯಾಹ್ನ. ಹೊರಗೆ 43 ಡಿಗ್ರಿ. ಸೂಪರ್ ಮಾರ್ಕೆಟ್ ಅನ್ನುವ ನಮ್ಮ ಪೇಟೆಯಲ್ಲಿ ನಾಯಿಗಳು ಸಹ ಬಂಡಿ ಕೆಳಗಿನ ನೆರಳು ಬಿಟ್ಟು ಕದಲುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ನಾನು, ನಮ್ಮ ಮನೆಯವಳು ಇಬ್ಬರೂ ಕಲಬುರಗಿಯ ಒಂದು ಏಸಿ ರೂಮಿನಲ್ಲಿ ಕಾಲು ಚಾಚಿ ಮಲಗಿದ್ದೆವು. ಮಾರಿ ಬಿಸಿ ಮಾಡಿಸಿಕೊಳ್ಳಲಿಕ್ಕೆ. ಅದೂ ದುಡ್ಡು ಕೊಟ್ಟು.

ಬೆಂಗಳೂರು, ಮೈಸೂರು ಕಡೆಯವರಿಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಮುಖಕ್ಕೆ ಮಾರಿ ಅನ್ನುತ್ತೇವೆ. ಮಾರಿಯಮ್ಮನಿಗೂ ಇದಕ್ಕೂ ಸಂಬಂಧ ಇಲ್ಲ. ಬಿಲ್ ನೋಡಿದ ಮೇಲೆ ಸ್ವಲ್ಪ ಸಂಬಂಧ ಇದೆ ಅನಿಸಿತು, ಆ ಮಾತು ಬೇರೆ.

ನಮ್ಮೂರಿನ ಬಿಸಿಲು ಯಾರಿಗೆ ಗೊತ್ತಿಲ್ಲ? ಏಪ್ರಿಲ್, ಮೇ ಬಂದರೆ ಸರ್ಕಾರವೇ ಬೆವರುತ್ತದೆ. ಕಲಬುರಗಿ ವಿಭಾಗದ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ನಾನೂ ಅಂಥ ಒಂದು ಕಚೇರಿಯ ಗುಮಾಸ್ತ. ಒಂದೂವರೆಗೆ ಫೈಲು ಕಟ್ಟಿಟ್ಟು, ತಲೆಗೆ ಟವೆಲ್ ಸುತ್ತಿ, ಕಣ್ಣಷ್ಟೇ ಬಿಟ್ಟುಕೊಂಡು ಗಾಡಿ ಹತ್ತುತ್ತೇನೆ. ಹೆಣ್ಣುಮಕ್ಕಳು ಸ್ಕಾರ್ಫ್ ಕಟ್ಟಿಕೊಂಡು ಹೊರಟರೆ ಎದುರಿಗೆ ಬಂದವಳು ಸ್ವಂತ ತಂಗಿಯೋ ಬೇರೆಯವರೋ ಗುರುತು ಹತ್ತುವುದಿಲ್ಲ. ಇಡೀ ಊರು ಬಿಸಿಗೆ ಹೆದರಿ ಹೀಗೆ ಮಾರಿ ಮುಚ್ಚಿಕೊಂಡು ಓಡಾಡುತ್ತದೆ. ಓಡಾಡಿ ಕೊನೆಗೆ ಎಲ್ಲಿಗೆ ಹೋಗುತ್ತದೆ? ಮಾರಿ ಬಿಸಿ ಮಾಡಿಸಿಕೊಳ್ಳಲಿಕ್ಕೆ ಹೋಗುತ್ತದೆ.

ಶುರುವಾಗಿದ್ದು ಒಂದು ಬೋರ್ಡಿನಿಂದ. "ಆರ್‌ಎಫ್ ಸ್ಕಿನ್ ಟೈಟನಿಂಗ್. 10 ವರ್ಷ ಹಿಂದಕ್ಕೆ ಹೋಗಿ. ಮದುವೆ ಸೀಸನ್ ಆಫರ್. ಜೋಡಿಗೆ ವಿಶೇಷ ರಿಯಾಯಿತಿ." ಅಂದರೆ ಯಂತ್ರದಿಂದ ಮಾರಿಯ ಚರ್ಮ ಕಾಸಿ ಬಿಗಿ ಮಾಡುತ್ತಾರಂತೆ. ಕೆಳಗೆ ಒಬ್ಬಳೇ ಹೆಣ್ಣುಮಗಳ ಎರಡು ಫೋಟೋ. ಮೊದಲನೆಯದರಲ್ಲಿ ಟ್ಯೂಬ್‌ಲೈಟ್ ಕೆಳಗೆ, ಗದ್ದ ಎದೆಗೆ ಹಚ್ಚಿಕೊಂಡು, ಬಾಗಿಲಿಗೆ ಸಾಲ ಕೊಟ್ಟವನು ಬಂದು ನಿಂತ ಹಾಗೆ ಕೂತಿದ್ದಾಳೆ. ಎರಡನೆಯದರಲ್ಲಿ ಗದ್ದ ಮೇಲಕ್ಕೆ, ಎದುರಿಗೆ ಝಗಝಗ ಲೈಟು, ತುಟಿಗೆ ಲಿಪ್‌ಸ್ಟಿಕ್, ಮುಖದ ತುಂಬ ನಗು. ಸಾಲ ತೀರಿಸಿದರೆ ಯಾರ ಮಾರಿಯಾದರೂ ಹಾಗೇ ಆಗುತ್ತದೆ ಅಂತ ನಾನು ಅಂದೆ. ಮನೆಯವಳು ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ.

"ಅಣ್ಣಾವ್ರ ಮಗನ ಲಗ್ನ ಹನ್ನೆರಡು ದಿನಕ್ಕ ಬಂದದ. ಬೀಗರೆಲ್ಲ ಹೈದರಾಬಾದ್ ಮಂದಿ. ನಿಮ್ಮ ಮಾರಿ ಹಿಂಗ ಹಿಡಕೊಂಡು ಬರ್ತೀರೇನ್ರಿ?"

ನನ್ನ ಮಾರಿ ಹೇಗಿದೆ ಅಂತ ಮೂವತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದಳು. ಖುಷಿ ಪಡಬೇಕೋ ಬೇಡವೋ ತಿಳಿಯಲಿಲ್ಲ.

ಆರು ಸಿಟಿಂಗ್, ಇಬ್ಬರಿಗೂ ಸೇರಿ 24,000 ರೂಪಾಯಿ. ನಮ್ಮ ಕಡೆ ದುಡ್ಡನ್ನು ತೊಗರಿಯಲ್ಲಿ ಅಳೆಯುವುದು ರೂಢಿ. 2025-26ರ ಬೆಂಬಲ ಬೆಲೆ ಕ್ವಿಂಟಾಲ್‌ಗೆ 8,000. ಅಂದರೆ ನಮ್ಮಿಬ್ಬರ ಗಲ್ಲ ಬಿಗಿಯಾಗಲಿಕ್ಕೆ ಸರಿಯಾಗಿ ಮೂರು ಕ್ವಿಂಟಾಲ್ ತೊಗರಿ. ಗಂಜ್‌ನ ಅಡತಿ ಅಂಗಡಿಯಲ್ಲಿ ಅಷ್ಟು ರೇಟು ಕೈಗೆ ಸಿಗುತ್ತದೆ ಅಂತ ನೀವು ನಂಬಿದರೆ ಅದು ಇನ್ನೊಂದು ಅಂಕಣದ ವಿಷಯ. ಊರಲ್ಲಿ ರೇಟು ಏರಲಿ ಅಂತ ಇಟ್ಟುಕೊಂಡಿದ್ದ ಚೀಲ ತೆಗೆಸಿದೆವು. ತೊಗರಿ ಮಾರಿದೆವು, ಮಾರಿ ಕಾಸಿಕೊಂಡೆವು.

ಹೊರಡುವ ಮುಂಚೆ ಅವ್ವ ಕೇಳಿದಳು. "ಏನ್ ಮಾಡ್ಸಲಿಕ್ಕ ಹೊಂಟೀರಿ?"

"ಆರ್‌ಎಫ್, ಅಂದ್ರ ರೇಡಿಯೋ ಫ್ರೀಕ್ವೆನ್ಸಿ ಅಂತ ಅದ ಅವ್ವ. ಮಾರಿ ಬಿಗೀ ಮಾಡ್ತದಂತ."

"ರೇಡಿಯೋ ಅಂದ್ರ? ಹಾಡು ಬರ್ತಾವೇನು ಅದರಾಗ?"

ನಾವು ನಕ್ಕೆವು. ಆಮೇಲೆ ಕೂತು ಯೋಚನೆ ಮಾಡಿದರೆ ನಗುವಂಥದ್ದೇನೂ ಇರಲಿಲ್ಲ. ಆಕಾಶವಾಣಿಯ ಮೀಡಿಯಂ ವೇವ್ ಬ್ಯಾಂಡು 531ರಿಂದ 1602 ಕಿಲೋಹರ್ಟ್ಜ್. ಈ ಚರ್ಮದ ಯಂತ್ರಗಳಲ್ಲಿ ಬಹಳಷ್ಟು ಓಡುವುದು 1 ಮೆಗಾಹರ್ಟ್ಜ್ ಆಸುಪಾಸಿನಲ್ಲಿ, ಅಂದರೆ 1000 ಕಿಲೋಹರ್ಟ್ಜ್. ರೈತರ ಕಾರ್ಯಕ್ರಮ, ಪ್ರದೇಶ ಸಮಾಚಾರ ಬರುವ ಜಾಗದಲ್ಲೇ ನಮ್ಮ ಗಲ್ಲದ ಸ್ಟೇಷನ್ನೂ ಇದೆ. ಹಾಗಾದರೆ ಐವತ್ತು ವರ್ಷ ರೇಡಿಯೋ ಕೇಳಿದ ನಮ್ಮ ಮುತ್ಯಾನ ಮಾರಿ ಯಾಕೆ ಬಿಗಿಯಾಗಲಿಲ್ಲ? ದೂರದಿಂದ ಬರುವ ಅಲೆಯಲ್ಲಿ ಮನೆ ಮುಟ್ಟುವ ಹೊತ್ತಿಗೆ ಏನೇನೂ ಕಸುವು ಇರುವುದಿಲ್ಲ. ಯಂತ್ರದಲ್ಲಾದರೆ ಲೋಹದ ತುದಿಯನ್ನು ಚರ್ಮಕ್ಕೇ ಒತ್ತಿ ಕರೆಂಟು ಹಾಯಿಸುತ್ತಾರೆ. ಕರೆಂಟು ಸೆಕೆಂಡಿಗೆ ಹತ್ತು ಲಕ್ಷ ಸಲ ಹಿಂದೆ ಮುಂದೆ ಹೋಗಿಬರುತ್ತದೆ. ಚರ್ಮ ಅದಕ್ಕೆ ಅಡ್ಡ ಬರುತ್ತದೆ. ಆ ಜಗ್ಗಾಟದಲ್ಲಿ ಒಳಗೆ ಬಿಸಿ ಹುಟ್ಟುತ್ತದೆ. ಇಷ್ಟು ವೇಗವಾಗಿ ದಿಕ್ಕು ಬದಲಿಸಿದರೆ ನರ, ಸ್ನಾಯುಗಳಿಗೆ ಶಾಕ್ ತಿಳಿಯುವುದಿಲ್ಲ ಅಂತ 1891ರಷ್ಟು ಹಿಂದೆಯೇ ಫ್ರಾನ್ಸಿನಲ್ಲಿ ದಾರ್ಸೋನ್ವಾಲ್ ಎಂಬಾತ ತೋರಿಸಿದ್ದ. ಶಾಕ್ ಏನಿದ್ದರೂ ಕೌಂಟರಿನಲ್ಲಿ.

ಕೌಂಟರಿನಲ್ಲಿದ್ದ ಹುಡುಗಿ ದುಡ್ಡು ಕೊಡುವ ತನಕ ನನ್ನನ್ನು ಸರ್ ಅಂದಳು. ದುಡ್ಡು ಕೊಟ್ಟ ಮೇಲೆ ಅಂಕಲ್ ಅಂದಳು. ಹತ್ತು ವರ್ಷ ಹಿಂದಕ್ಕೆ ಹೋಗುವ ಪ್ಯಾಕೇಜಿನಲ್ಲಿ ಮೊದಲ ಹತ್ತು ನಿಮಿಷದಲ್ಲೇ ಇಪ್ಪತ್ತು ವರ್ಷ ಮುಂದಕ್ಕೆ ಹೋದೆ.

"ಡಾಕ್ಟರ್ ಎಲ್ಲವಾ?"

"ಡಾಕ್ಟರ್ ಶನಿವಾರ ಬರ್ತಾರ್ರೀ, ಹೈದರಾಬಾದಿಂದ."

ಅವತ್ತು ಮಂಗಳವಾರ.

ಒಂದು ಫಾರಂ ಕೊಟ್ಟಳು. ಬೋರ್ಡು ಕನ್ನಡದಲ್ಲಿ, ಫಾರಂ ಇಂಗ್ಲಿಷಿನಲ್ಲಿ. ಆಸೆ ತೋರಿಸುವುದು ಮಾತೃಭಾಷೆಯಲ್ಲಿ, ಕೈ ತೊಳೆದುಕೊಳ್ಳುವುದು ಇಂಗ್ಲಿಷಿನಲ್ಲಿ. ಗುಮಾಸ್ತನ ಕಣ್ಣು ನೋಡಿ, ಸಣ್ಣಕ್ಷರದ ಕಡೆಗೇ ಓಡಿತು. ಫಲಿತಾಂಶಕ್ಕೆ ಗ್ಯಾರಂಟಿ ಇಲ್ಲ, ಸುಟ್ಟರೆ ನಾವು ಹೊಣೆಯಲ್ಲ, ದುಡ್ಡು ವಾಪಸ್ ಇಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇದೆಯಾ, ಮೈಯಲ್ಲಿ ಲೋಹ ಇದೆಯಾ, ಬಸಿರು ಇದ್ದೀರಾ ಅಂತ ಮೂರು ಪ್ರಶ್ನೆ ಇದ್ದವು. ನಿಜಕ್ಕೂ ಕೇಳಬೇಕಾದ ಪ್ರಶ್ನೆಗಳು ಅವೇ. ಆಕೆ ನಾನು ಓದುವ ಮುಂಚೆಯೇ ಮೂರಕ್ಕೂ ಇಲ್ಲ ಅಂತ ಟಿಕ್ ಹಾಕಿದ್ದಳು. ಬಸಿರಿನ ವಿಷಯದಲ್ಲಿ ಆಕೆಯ ಅಂದಾಜು ಸರಿ ಇತ್ತು.

ಒಳಗೆ ಮಲಗಿಸಿದರು. ಮಾರಿಗೆ ತಣ್ಣನೆಯ ಜೆಲ್ ಹಚ್ಚಿದರು. ಹೊರಗಿನಿಂದ ಬಂದ ನನಗೆ ಆ ಜೆಲ್ಲೇ ಸಾಕಾಗಿತ್ತು. ಅಷ್ಟಕ್ಕೇ ಮೂರು ಕ್ವಿಂಟಾಲ್ ಕೊಟ್ಟು ಎದ್ದು ಹೋಗಲೂ ತಯಾರಿದ್ದೆ. ಆಮೇಲೆ ಇಸ್ತ್ರಿ ಪೆಟ್ಟಿಗೆಯ ಮರಿಯಂಥ ಒಂದು ಹಿಡಿಕೆ ತಂದು ಎಡಗೆನ್ನೆ ಮೇಲೆ ದುಂಡಗೆ ತಿರುಗಿಸತೊಡಗಿದರು. ಗದ್ದದಿಂದ ಕಿವಿಯ ಕಡೆಗೆ, ಕಿವಿಯಿಂದ ಗದ್ದದ ಕಡೆಗೆ. ನಡುನಡುವೆ ಇನ್ನೊಬ್ಬ ಹುಡುಗಿ ಒಂದು ಗನ್ ಹಿಡಿದು ಉಷ್ಣತೆ ನೋಡುತ್ತಿದ್ದಳು. ಕೊರೊನಾ ಕಾಲದಲ್ಲಿ ಗೇಟಿನಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅದೇ ಗನ್.

"ನಲವತ್ತು... ನಲವತ್ತೊಂದು... ನಲವತ್ತೆರಡು ಬಂತು ನೋಡ್ರಿ ಅಂಕಲ್! ಇನ್ನ ಚಲೋ ಕೆಲಸ ಮಾಡ್ತದ."

ನಾನು ಮೊಬೈಲ್ ತೆಗೆದು ಹವಾಮಾನ ನೋಡಿದೆ. ಕಲಬುರಗಿ, 43 ಡಿಗ್ರಿ.

"ತಂಗಿ, ಹೊರಗ ಒಂದು ಡಿಗ್ರಿ ಜಾಸ್ತಿ ಅದ. ಪುಕ್ಕಟೆ ಅದ."

"ಅದು ಬ್ಯಾರೆ ಬಿಸಿ ಅಂಕಲ್. ಇದು ಅಮೆರಿಕನ್ ಬಿಸಿ."

ಆಕೆ ಹೇಳಿದ ಕಾರಣ ತಪ್ಪು. ಆದರೆ ಬೇರೆ ಬಿಸಿ ಅನ್ನುವುದು ಸರಿ. ಇದನ್ನು ಆಮೇಲೆ ನನಗೆ ಬಿಡಿಸಿ ಹೇಳಿದವರು ನಮ್ಮ ಓಣಿಯ ಒಬ್ಬ ಚರ್ಮದ ಡಾಕ್ಟರು. ಆ ಕಥೆ ಬರುತ್ತದೆ, ತಡೆಯಿರಿ. ಅದಕ್ಕಿಂತ ಮುಂಚೆ ಒಂದು ಘಟನೆ ಆಯಿತು.

ಕರೆಂಟು ಹೋಯಿತು.

ಇನ್ವರ್ಟರ್ ಇತ್ತು. ಅದರಲ್ಲಿ ಎರಡು ಬಲ್ಬು, ಒಂದು ಫ್ಯಾನು, ಬೋರ್ಡಿನ ಲೈಟು ಇಷ್ಟೇ ಓಡುತ್ತವಂತೆ. ಯಂತ್ರ ಓಡುವುದಿಲ್ಲ. ಏಸಿ ನಿಂತಿತು. ಐದು ನಿಮಿಷದಲ್ಲಿ ಇಡೀ ರೂಮು ಪುಕ್ಕಟೆಯಾಗಿ ಆರ್‌ಎಫ್ ಕೊಡತೊಡಗಿತು. ಮುಕ್ಕಾಲು ಗಂಟೆ ಕಾದೆವು. ಮನೆಯವಳದು ಪೂರ್ತಿ ಮುಗಿದಿತ್ತು. ನನ್ನದು ಎಡಗೆನ್ನೆ ಅಷ್ಟೇ.

"ಹಿಂಗೇ ಹೋಗ್ರಿ ಅಂಕಲ್. ಬಲಗಡೀದು ಮುಂದಿನ ಸಿಟಿಂಗ್‌ನಾಗ ಸರಿ ಮಾಡ್ತೀವಿ."

ಮುಂದಿನ ಸಿಟಿಂಗ್ ಹದಿನೈದು ದಿನಕ್ಕೆ. ಮದುವೆ ಹನ್ನೆರಡು ದಿನಕ್ಕೆ.

ಕನ್ನಡಿ ಹತ್ತಿರ ಹೋಗಿ ನಿಂತೆ. ಎಡಗಡೆ ಕೆಂಪಗೆ, ಸ್ವಲ್ಪ ಬಿಗಿಯಾಗಿ, ಹೊಸ ಬೋರ್ಡು ಹಾಕಿದ ಹಾಗೆ ಹೊಳೆಯುತ್ತಿತ್ತು. ಬಲಗಡೆ ಇದ್ದ ಹಾಗೇ ಇತ್ತು. 2019ರಲ್ಲಿ ನಮ್ಮ ಭಾಗದ ಹೆಸರು ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತಲ್ಲ, ನನ್ನ ಮಾರಿಯಲ್ಲಿ ಮಾತ್ರ ಆ ಕೆಲಸ ಅರ್ಧಕ್ಕೆ ನಿಂತಿತ್ತು. ಎಡಗೆನ್ನೆ ಕಲ್ಯಾಣ, ಬಲಗೆನ್ನೆ ಇನ್ನೂ ಹೈದರಾಬಾದ್. ನಡುವೆ ಮೂಗು, ಎರಡೂ ಕಡೆ ಅನುದಾನ ಕೇಳುತ್ತಾ ನಿಂತಿತ್ತು. ಸುಮ್ನೆ ನಮ್ಮನ್ನು ಬೈಯಬೇಡಿ. 2014ರಲ್ಲಿ ಗುಲ್ಬರ್ಗ ಹೋಗಿ ಕಲಬುರಗಿ ಆಯಿತು, ರಸ್ತೆಯ ಗುಂಡಿಗಳು ಹಳೇ ಹೆಸರಿನಲ್ಲೇ ಉಳಿದವು. ಮೇಲಿನದು ಹೊಸದಾದರೆ ಒಳಗಿನದೂ ಹೊಸದಾದಂತೆ ಅನ್ನುವ ಭಕ್ತಿ ನಮಗೆ ಯಾವ ಬ್ಯೂಟಿ ಪಾರ್ಲರೂ ಕಲಿಸಿದ್ದಲ್ಲ.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಗ್ಯಾಸ್ ಇದೆ, ಆದರೂ ಹಿತ್ತಲಲ್ಲಿ ಕಟ್ಟಿಗೆ ಒಲೆಯೇ ಬೇಕು ಆಕೆಗೆ. ಹಂಚಿನ ಮೇಲೆ ರೊಟ್ಟಿ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಿ, ಆಮೇಲೆ ಒಲೆಯ ಬಾಯಿಗೆ ಆನಿಸಿ ನಿಲ್ಲಿಸಿದಳು. ರೊಟ್ಟಿ ಉಬ್ಬಿತು. ನನ್ನ ಎಡಗೆನ್ನೆ ನೋಡಿದಳು. ಬಲಗೆನ್ನೆ ನೋಡಿದಳು. ಮತ್ತೆ ರೊಟ್ಟಿ ನೋಡಿದಳು.

"ಒಂದ್ ಕಡೀ ಬೆಂದದ, ತಿರಿವಿ ಹಾಕೋದು ಮರ್ತಾರೇನು ತಮ್ಮಾ?"

ಮನೆಯವಳು ಒಳಗೆ ಹೋದಳು.

"ಬಿಸಿ ಹತ್ತಿದ್ರ ಮಾರಿ ಬಿಗೀ ಆಗ್ತದ ಅಂತಾರ ಅವ್ವ" ಅಂದೆ.

"ನಾ ಅರವತ್ತು ವರ್ಷದಿಂದ ಈ ಒಲಿ ಮುಂದ ಮಾರಿ ಕಾಸಲಿಕತ್ತೀನಿ. ಈಗ ನನ್ನ ಮಾರಿ ತಬಲಾದಂಗ ಇರಬೇಕಿತ್ತಲ್ಲ?"

ಉತ್ತರ ಇರಲಿಲ್ಲ. ಅದಕ್ಕೇ ಡಾಕ್ಟರ ಮನೆಗೆ ಹೋದದ್ದು. ಅವರು ನನ್ನ ಮಾರಿ ನೋಡಿ ಮೊದಲು ನಕ್ಕರು. ಆಮೇಲೆ ಚಹಾ ತರಿಸಿದರು. ಅವರು ಹೇಳಿದ್ದನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ.

ಚರ್ಮದ ಒಳಪದರದಲ್ಲಿ ಕೊಲಾಜೆನ್ ಅಂತ ಒಂದು ನಾರು ಇದೆ. ಮೂರು ಎಳೆ ಹುರಿ ಹಾಕಿದ ಹಗ್ಗ ಅಂದುಕೊಳ್ಳಿ. ಹೊರಸಿಗೆ, ಅಂದರೆ ಹಗ್ಗದ ಮಂಚಕ್ಕೆ, ಹೆಣೆದ ಹಗ್ಗ ಹೇಗೋ ಹಾಗೆ ಅದು ಚರ್ಮವನ್ನು ಬಿಗಿಯಾಗಿ ಹಿಡಿದಿರುತ್ತದೆ. ವಯಸ್ಸಾದಂತೆ ಹಗ್ಗ ಸಡಿಲಾಗುತ್ತದೆ, ಹೊರಸು ಜೋತು ಬೀಳುತ್ತದೆ. ಒಳಗಿನ ಆ ಹಗ್ಗಕ್ಕೆ 60, 65 ಡಿಗ್ರಿ ಬಿಸಿ ತಾಗಿದರೆ ಹುರಿ ಬಿಚ್ಚಿಕೊಂಡು ನಾರು ಗಿಡ್ಡವಾಗುತ್ತದೆ. ಗಾಯವಾಯಿತು ಅಂತ ದೇಹ ತಿಳಿದು ಹೊಸ ಹಗ್ಗ ಹೆಣೆಯಲು ಕೂಡುತ್ತದೆ. ಅಷ್ಟು ಬಿಸಿ ಮೇಲ್ಗಡೆ ತಾಗಿದರೆ ಸುಟ್ಟೇ ಹೋಗುತ್ತದೆ. ಅದಕ್ಕೇ ಒಳ್ಳೆಯ ಯಂತ್ರಗಳು ಮೇಲಿನ ಚರ್ಮವನ್ನು ತಣ್ಣಗಿಟ್ಟು ಒಳಗಡೆ ಬಿಸಿ ಹುಟ್ಟಿಸುತ್ತವೆ. ಬಿಸಿ ಹೊರಗಿನಿಂದ ಒಳಗೆ ಹೋಗುವುದಲ್ಲ, ಒಳಗೇ ಹುಟ್ಟುವುದು. ಅವ್ವನ ಒಲೆಗೂ ಇದಕ್ಕೂ ಇರುವ ವ್ಯತ್ಯಾಸ ಅದು. ಒಲೆಯ ಬಿಸಿ ಮೇಲಿನಿಂದ ಬಡಿಯುತ್ತದೆ. ವರ್ಷಗಟ್ಟಲೆ ಬಡಿದರೆ ಚರ್ಮ ಕಂದುತ್ತದೆ, ಬಿಗಿಯಾಗುವುದಿಲ್ಲ. ಇನ್ನು ನಮ್ಮ ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಇದೆಯಲ್ಲ, ಅದು ಇದ್ದ ಹಗ್ಗವನ್ನೂ ಕಡಿದು ಹಾಕುತ್ತದೆ.

"ಹಂಗಾದ್ರ ಕೆಲಸ ಮಾಡ್ತದಲ್ರೀ?" ಅಂದೆ.

ಮಾಡುತ್ತದಂತೆ. ಸ್ವಲ್ಪ. ಚರ್ಮ ಸ್ವಲ್ಪ ಸಡಿಲಾದವರಿಗೆ, ಸ್ವಲ್ಪ ಬಿಗಿ. ಲೇಸರ್‌ನ ಹಾಗೆ ಇದು ಚರ್ಮದ ಬಣ್ಣದ ಮೇಲೆ ನಿಂತಿಲ್ಲ, ಹಾಗಾಗಿ ನಮ್ಮಂಥ ಕಪ್ಪು ಮಂದಿಗೂ ಆಗುತ್ತದೆ. ಅಮೆರಿಕದಲ್ಲಿ 2002ರಲ್ಲಿ ಮೊದಲು ಕಣ್ಣಿನ ಸುತ್ತಲಿನ ಗೆರೆಗಳಿಗೆ ಅಂತ ಒಂದು ಯಂತ್ರಕ್ಕೆ ಒಪ್ಪಿಗೆ ಸಿಕ್ಕಿತು. ಕಣ್ಣಿನ ಸುತ್ತ ಅಂತ ಶುರುವಾದದ್ದು ಹೊಟ್ಟೆ, ತೊಡೆ, ತೋಳು ಎಲ್ಲ ಸುತ್ತಿ ಕೊನೆಗೆ ನಮ್ಮ ರಿಂಗ್ ರೋಡ್ ತನಕ ಬಂದಿದೆ. ಆದರೆ ಹೊಸ ಹಗ್ಗ ಹೆಣೆಯಲು ದೇಹಕ್ಕೆ ಮೂರರಿಂದ ಆರು ತಿಂಗಳು ಬೇಕು. ಜೋತು ಬಿದ್ದ ಗಲ್ಲ ಎದ್ದು ನಿಲ್ಲುವುದಿಲ್ಲ.

"ಮತ್ತ ಇವತ್ತೇ ಬಿಗೀ ಕಾಣಲಿಕತ್ತದಲ್ರೀ ಎಡಗಡಿ?"

"ಅದರಾಗ ಭಾಳಷ್ಟು ಬಾವು ಅದರೀ."

ಬಾವು! ಮೂರು ಕ್ವಿಂಟಾಲ್ ತೊಗರಿಗೆ ಅರ್ಧ ಮಾರಿ ಬಾವು. ಜೇನುಹುಳ ಕಡಿದರೂ ಅಷ್ಟೇ ಆಗುತ್ತಿತ್ತು. ಅದಕ್ಕಾದರೆ ಫಾರಂ ತುಂಬುವ ಕೆಲಸ ಇರಲಿಲ್ಲ. ಡಾಕ್ಟರು ಚಹಾ ಕುಡಿದು ಇನ್ನೊಂದು ಮಾತು ಹೇಳಿದರು. ಆರು ತಿಂಗಳು ಬೇಕಾಗುವ ಕೆಲಸವನ್ನು ಹನ್ನೆರಡು ದಿನದ ಮದುವೆಗೆ ಮಾರುವವರು ಬಾವನ್ನೇ ಮಾರುವುದು, ಬೇರೆ ದಾರಿ ಇಲ್ಲ ಅವರಿಗೆ. ಬಾವು ಇಳಿಯುವುದರೊಳಗೆ ಫೋಟೋ ತೆಗೆದುಬಿಡುತ್ತಾರೆ. ಬೋರ್ಡಿನ ಹೆಣ್ಣುಮಗಳು ನೆನಪಾದಳು.

ನಗುವ ವಿಷಯ ಇಲ್ಲಿಗೆ ಸ್ವಲ್ಪ ನಿಲ್ಲಲಿ. ನಮ್ಮ ಓಣಿಯಲ್ಲೇ ಒಬ್ಬ ಹುಡುಗಿ ಇದ್ದಾಳೆ. ಬೇರೆ ಒಂದು ಕಡೆ ಸೂಜಿ ಚುಚ್ಚಿ ಕೊಡುವ ಆರ್‌ಎಫ್ ಮಾಡಿಸಿಕೊಂಡಳು. ಮೊಡವೆ ಕಲೆ ಹೋಗಲಿ ಅಂತ. ಹೋದದ್ದು ಕಲೆ ಅಲ್ಲ. ಎರಡೂ ಕೆನ್ನೆ ಮೇಲೆ ಗಣಿತದ ನೋಟ್‌ಬುಕ್ಕಿನ ಹಾಗೆ ಚೌಕ ಚೌಕ ಕಪ್ಪು ಗುರುತು ಎದ್ದವು. ನಾಲ್ಕು ತಿಂಗಳಾಯಿತು, ಸ್ಕಾರ್ಫ್ ಬಿಚ್ಚುವುದಿಲ್ಲ ಆಕೆ, ಮನೆಯೊಳಗೂ. 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದೇ ಸೂಜಿ ಯಂತ್ರಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಸುಟ್ಟ ಗಾಯ, ಕಲೆ, ಒಳಗಿನ ಕೊಬ್ಬು ಕರಗಿ ಗುಳಿ ಬೀಳುವುದು, ನರಕ್ಕೆ ಪೆಟ್ಟು ಇಂಥ ದೂರು ಬಂದಿವೆ, ಇದು ಅಲಂಕಾರ ಅಲ್ಲ, ವೈದ್ಯಕೀಯ ಕೆಲಸ ಅಂತ. ಆ ಎಚ್ಚರಿಕೆ ಇಂಗ್ಲಿಷಿನಲ್ಲಿತ್ತು. ನಮ್ಮ ಬೋರ್ಡು ಕನ್ನಡದಲ್ಲಿದೆ.

ಶನಿವಾರದ ಡಾಕ್ಟರ್ ಶನಿವಾರವೂ ಬರಲಿಲ್ಲ. ಕೇಳಿದರೆ ಮುಂದಿನ ಶನಿವಾರ ಅಂದರು. ನಮ್ಮ ಕಚೇರಿಯಲ್ಲಿ ನಾನೂ ಜನರಿಗೆ ಹಾಗೇ ಹೇಳುತ್ತೇನೆ. ಅದಕ್ಕೇ ಹೆಚ್ಚು ಮಾತಾಡಲಿಲ್ಲ.

ಮದುವೆ ಚಿತ್ತಾಪುರದಲ್ಲಿ. ಬಾವು ಅಷ್ಟರಲ್ಲಿ ಇಳಿದಿತ್ತು, ಎರಡೂ ಗಲ್ಲ ಮತ್ತೆ ಒಂದೇ ರಾಜ್ಯಕ್ಕೆ ಸೇರಿದ್ದವು. ಮಂಟಪದಲ್ಲಿ ದೊಡ್ಡ ದೊಡ್ಡ ಕೂಲರ್ ಇಟ್ಟಿದ್ದರು, ಅವು ಬಿಸಿ ಗಾಳಿಯನ್ನೇ ತಿರುಗಿ ತಿರುಗಿ ಎಲ್ಲರಿಗೂ ಸಮನಾಗಿ ಹಂಚುತ್ತಿದ್ದವು. ಮನೆಯವಳ ಗಲ್ಲದ ಮೇಲೆ ಇನ್ನೂ ತುಸು ಕೆಂಪು ಇತ್ತು. ಬೀಗರ ಕಡೆಯ ಹಿರಿಯಾಕೆ ಒಬ್ಬರು ಹತ್ತಿರ ಕರೆದು ಕೂಡಿಸಿಕೊಂಡು ಕೇಳಿದರು.

"ಯಾಕವಾ, ಮಾರಿ ಹಿಂಗ ಕೆಂಪಗಾಗ್ಯದ? ಬಿಸಿಲು ಹತ್ತೇದೇನು? ಸ್ವಲ್ಪ ಉಳ್ಳಾಗಡ್ಡಿ ಸಂಗಡ ಇಟ್ಕೊಂಡು ಅಡ್ಡಾಡಬೇಕು."

ನನ್ನನ್ನು ನೋಡಿ ನಮ್ಮ ಕಾಕಾ ಅಂದದ್ದು ಇನ್ನೂ ಚೆನ್ನಾಗಿತ್ತು. "ಏನೋ, ಮಾರಿ ಇಳದದಲ್ಲೋ. ಸಾಲ ಗೀಲ ಆಗ್ಯದೇನು?"

ಹೌದು ಕಾಕಾ, ಮೂರು ಕ್ವಿಂಟಾಲ್.

ಡಾಕ್ಟರು ಚೀಟಿಯಲ್ಲಿ ಒಂದು ಸನ್‌ಸ್ಕ್ರೀನ್ ಬರೆದುಕೊಟ್ಟಿದ್ದರು. ಹೊರಗೆ ಹೋಗುವ ಮುಂಚೆ ಹಚ್ಚಿಕೊಳ್ಳಿ, ಬಿಸಿಲಲ್ಲಿ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ, ಇದ್ದ ಹಗ್ಗವನ್ನಾದರೂ ಉಳಿಸಿಕೊಳ್ಳಿ ಅಂತ. ಐನೂರು ರೂಪಾಯಿ ಒಳಗೆ ಬಂತು. ಟ್ಯೂಬು ನೋಡಿ ಮನೆಯವಳು ಮಾರಿ ತಿರುವಿದಳು. ಇಷ್ಟು ಸೋವಿ ಇದ್ದದ್ದು ಏನು ಕೆಲಸ ಮಾಡುತ್ತದೆ ಅನ್ನುವುದು ಆಕೆಯ ವಾದ. ಟ್ಯೂಬು ಈಗ ಕನ್ನಡಿ ಮುಂದೆ ಇದೆ, ಮುಚ್ಚಳ ತೆಗೆದಿಲ್ಲ.

ಇದೆಲ್ಲ ಬರೆಯುತ್ತಾ ಕೂತಿದ್ದೆ. ಈಗಷ್ಟೇ ಆ ಹುಡುಗಿಯ ಫೋನ್ ಬಂತು.

"ಅಂಕಲ್, ಎರಡನೇ ಸಿಟಿಂಗ್ ಡೇಟ್ ಬಂದದರೀ. ನಿಮ್ಮ ಬಲಗಡಿದು ಬಾಕಿ ಅದ. ನಾಳೆ ಮಧ್ಯಾಹ್ನ ಎರಡರಿಂದ ನಾಲ್ಕರೊಳಗ ಬಂದ್ರ ಸಮ್ಮರ್ ಡಿಸ್ಕೌಂಟ್ ಅಂತ ಇಬ್ಬರಿಗೂ ಒಂದೊಂದು ಫೇಶಿಯಲ್ ಫ್ರೀ."

"ಆ ಹೊತ್ತಿಗೇ ಯಾಕವಾ?"

"ಬಿಸಿಲಿಗಿ ಯಾರೂ ಬರಂಗಿಲ್ಲ ಅಂಕಲ್, ಖಾಲಿ ಇರ್ತದ." ಸ್ವಲ್ಪ ತಡೆದು ಮತ್ತೆ ಅಂದಳು. "ಮತ್ತ ಬರೋವಾಗ ಮಾರಿಗಿ ಚಲೋತ್ನಾಗ ಬಟ್ಟಿ ಕಟ್ಕೊಂಡು ಬರ್ರಿ. ಹೊರಗ ನಲವತ್ನಾಲ್ಕು ಅದ. ಬಿಸಿ ಹತ್ತಿದ್ರ ಸ್ಕಿನ್ ಹಾಳಾಗ್ತದ."

ಮನೆಯವಳು ಸ್ಕಾರ್ಫ್ ಒಗೆದು ಹಾಕಿದ್ದಾಳೆ. ನನ್ನ ಟವೆಲ್ ಎಲ್ಲಿಟ್ಟಿದ್ದಾಳೋ, ಹುಡುಕುತ್ತಿದ್ದೇನೆ.